ನಿಜವಾದ ವೀರ ಯಾರು? – ಚಾವುಂಡರಾಯನ ಚರಿತ್ರೆ

ಶ್ರವಣಬೆಳಗೊಳಕ್ಕೆ ಬರುವ ಭಕ್ತಾದಿಗಳೆಲ್ಲ ವಿಂಧ್ಯಗಿರಿ ಹತ್ತಿ ಗೊಮ್ಮಟಸ್ವಾಮಿಯ ದರ್ಶನ ಮಾಡಿ ಪುನೀತರಾಗುತ್ತಾರೆ. ಆದರೆ ಈ ಮೂರ್ತಿಯನ್ನು ಮಾಡಿಸಿದವನು ಒಬ್ಬ ಯುದ್ಧವೀರ, ಕತ್ತಿ ಹಿಡಿದೇ ಬಾಳಿದವನು ಅನ್ನೋದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಅಹಿಂಸೆಯೇ ಪರಮಧರ್ಮವೆನ್ನುವ ಈ ಕ್ಷೇತ್ರಕ್ಕೂ ಆ ಕತ್ತಿಗೂ ಏನು ಸಂಬಂಧ? ಅದನ್ನು ತಿಳಿದು ಬೆಟ್ಟ ಹತ್ತಿದರೆ ದರ್ಶನದ ಫಲ ಇನ್ನೂ ಹೆಚ್ಚು.

ಚಾವುಂಡರಾಯನು ತಲಕಾಡಿನ ಗಂಗರ ಮಂತ್ರಿ ಹಾಗೂ ಸೇನಾಪತಿ. ತಾಯಿ ಕಾಳಲಾದೇವಿ. ಗಂಗರ ದೊರೆ ಮಾರಸಿಂಹನ ಕಾಲದಲ್ಲೂ, ನಂತರ ರಾಚಮಲ್ಲನ ಕಾಲದಲ್ಲೂ ರಾಜ್ಯದ ಭಾರವನ್ನು ಹೊತ್ತವನು ಇವನೇ. ವಜ್ಜಳದೇವನನ್ನು ಗೆದ್ದು ಸಮರಧುರಂಧರನಾದ. ಗೋನೂರ ಬಯಲಿನಲ್ಲಿ ನೊಳಂಬರ ಮೇಲೆ ಕಾದಾಡಿ ವೀರಮಾರ್ತಂಡನಾದ. ಉಚ್ಚಂಗಿ ಕೋಟೆಯ ಯುದ್ಧದಿಂದ ರಣರಂಗಸಿಂಗನೆಂಬ ಬಿರುದು ಬಂತು. ತನ್ನ ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಕೊಂದು ಸೇಡು ತೀರಿಸಿಕೊಂಡಾಗ ಸಮರಪರಶುರಾಮನೆನಿಸಿಕೊಂಡ.

ಶಸ್ತ್ರವಿದ್ಯೆಯಲ್ಲಿ ಇದಕ್ಕಿಂತ ಇನ್ನೇನು ಬೇಕು? ಆದರೂ ಅವನ ಮನಸ್ಸಿಗೆ ಇಷ್ಟು ಸಾಲಲಿಲ್ಲ. ಅಜಿತಸೇನಾಚಾರ್ಯರು, ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಇವರ ಪಾದದ ಬಳಿ ಶಿಷ್ಯನಾಗಿ ಕುಳಿತ. ಕವಿ ರನ್ನನಿಗೆ ಆಶ್ರಯ ಕೊಟ್ಟ. 978ರಲ್ಲಿ 63 ಮಹಾಪುರುಷರ ಕಥೆಯನ್ನು ಕನ್ನಡ ಗದ್ಯದಲ್ಲಿ ತಾನೇ ಬರೆದ. ಅದೇ ಚಾವುಂಡರಾಯ ಪುರಾಣ. ತಮಾಷೆಗೂ ಸುಳ್ಳಾಡದವನೆಂದು ಸತ್ಯಯುಧಿಷ್ಠಿರನೆಂಬ ಬಿರುದೂ ಅವನಿಗಿತ್ತು. ಇದು ಯಾವ ರಣರಂಗದಲ್ಲೂ ಸಿಗುವ ಬಿರುದಲ್ಲ ನೋಡಿ.

ಇಂಥ ಸೇನಾಪತಿ ಯಾರ ಮೂರ್ತಿಯನ್ನು ನಿಲ್ಲಿಸಿದ? ಗೆದ್ದೂ ಬಿಟ್ಟುಕೊಟ್ಟವನ ಮೂರ್ತಿಯನ್ನು! ಭರತ–ಬಾಹುಬಲಿಯರು ಎದುರಾದಾಗ ಸೈನಿಕರ ಪ್ರಾಣಹಾನಿ ಬೇಡವೆಂದು ಅಣ್ಣ ತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಮೂರರಲ್ಲೂ ಬಾಹುಬಲಿಯೇ ಗೆದ್ದ. ಅಣ್ಣನನ್ನು ಮೇಲೆತ್ತಿ ಹಿಡಿದಿದ್ದ ತೋಳುಗಳಿಗೆ ನೆಲಕ್ಕೆ ಅಪ್ಪಳಿಸುವ ಶಕ್ತಿಯಿತ್ತು. ಆದರೆ ಅವನು ಮೆಲ್ಲಗೆ ಕೆಳಗಿಳಿಸಿ, ರಾಜ್ಯವನ್ನೂ ಬಿಟ್ಟು ತಪಸ್ಸಿಗೆ ನಿಂತ. ತಮ್ಮನಿಗಾಗಿ ಸೇಡು ತೀರಿಸಿಕೊಂಡಿದ್ದ ಚಾವುಂಡರಾಯನು, ಅಣ್ಣನ ಮೇಲೆ ಕೈಯೆತ್ತದೆ ಕ್ಷಮಿಸಿದವನನ್ನು 58 ಅಡಿ ಎತ್ತರಕ್ಕೆ ಕಡೆಸಿದ. ಮೂರ್ತಿಯ ಪ್ರತಿಷ್ಠೆ 981ರಲ್ಲಿ ಆಯಿತೆಂಬುದು ಸಂಪ್ರದಾಯ.

ಇಷ್ಟಾದ ಮೇಲೂ ಒಂದು ಶತ್ರು ಉಳಿದಿತ್ತಂತೆ, ಅದು ಅಹಂಕಾರ. ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಸ್ವಾಮಿಯ ತೊಡೆಯಿಂದ ಕೆಳಗಿಳಿಯಲಿಲ್ಲ. ಆಗ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಚೂರು ಹಾಲು ಪಾದದವರೆಗೂ ಹರಿದು ಬೆಟ್ಟವನ್ನೇ ತೋಯಿಸಿತು ಅಂತ ಹಿರಿಯರು ಹೇಳುತ್ತಾರೆ. ಸೇನಾಪತಿ ತಲೆಬಾಗಿದ. ಆ ಗುಳ್ಳಕಾಯಜ್ಜಿ ಇಂದಿಗೂ ಸ್ವಾಮಿಯ ಎದುರಿಗೇ ನಿಂತಿದ್ದಾಳೆ.

ಬೆಟ್ಟ ಹತ್ತುವಾಗ ತ್ಯಾಗದ ಕಂಬದ ಹತ್ತಿರ ಒಂದು ನಿಮಿಷ ನಿಲ್ಲಿ. ಚಾವುಂಡರಾಯನ ಶೌರ್ಯವನ್ನು ಕೊರೆಸಿದ್ದ ಕಂಬ ಅದು. ನಂತರದ ಕಾಲದಲ್ಲಿ ಹೆಗ್ಗಡೆ ಕಣ್ಣನೆಂಬುವನು ಅದರ ಬಹುಪಾಲು ಬರಹವನ್ನು ಅಳಿಸಿ ತನ್ನ ಶಾಸನ ಬರೆಸಿಕೊಂಡ. ಕತ್ತಿಯ ಕೀರ್ತಿ ಹೀಗೆ ಅಳಿಸಿಹೋಯಿತು. ಸ್ವಾಮಿಯ ಪಾದದ ಬಳಿ ಈ ಮೂರ್ತಿಯನ್ನು ಮಾಡಿಸಿದವನೆಂದು ಬರೆದ ಅವನ ಹೆಸರು ಮಾತ್ರ ಸಾವಿರ ವರ್ಷ ಕಳೆದರೂ ಹಾಗೇ ಇದೆ.

ಹೊಡೆಯಲು ಕಲಿತವನು ಬರೀ ಬಲಶಾಲಿ. ಎತ್ತಿದ ಕೈಯನ್ನು ಇಳಿಸಲು ಕಲಿತವನೇ ನಿಜವಾದ ವೀರ. ಮನೆಯಲ್ಲಿ ಅಣ್ಣ ತಮ್ಮಂದಿರ ಜೊತೆ ಮಾತು ಬಿಟ್ಟಿದ್ದರೆ, ಆ ಭಾರವನ್ನು ಇಲ್ಲೇ ಸ್ವಾಮಿಯ ಪಾದದಲ್ಲಿ ಇಳಿಸಿ ಹೋಗಿ. ಭಗವಾನ್ ಬಾಹುಬಲಿಸ್ವಾಮಿ ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.