ಇಪ್ಪತ್ತು ಸಾವಿರ ಅಕ್ಷರ ಎಣಿಸಿದ ಮಾರ್ಕೊವ್

ಸಿ ಆಗಲಿ, ಪೈಥಾನ್ ಆಗಲಿ, ಸ್ಟ್ರಿಂಗ್ ಪಾಠ ಶುರುವಾದ ವಾರದಲ್ಲೇ ಲ್ಯಾಬಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಕೊಟ್ಟ ವಾಕ್ಯದಿಂದ ಸ್ವರಗಳನ್ನು ಮಾತ್ರ ಹೆಕ್ಕಿ ತೆಗೆದು ಎಣಿಸಿ. ಒಂದು ಲೂಪ್, ಒಂದು ಇಫ್, ಒಂದು ಕೌಂಟರ್. ರೆಕಾರ್ಡ್ ಬುಕ್ಕಿಗೆ ಬರೆದು, ಸಹಿ ಹಾಕಿಸಿ ಮರೆತುಬಿಡುತ್ತೇವೆ. ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲೂ ಅದೇ ಬಂದಾಗ, ಇದರಿಂದ ಯಾರಿಗೇನು ಉಪಯೋಗ ಎಂದು ನಮ್ಮ ಬೆಂಚಿನವರು ಗೊಣಗುತ್ತಾರೆ. ಅವರಿಗೆಲ್ಲ ನಾನು ಆಂದ್ರೇ ಮಾರ್ಕೊವ್ ಕಥೆ ಹೇಳುತ್ತೇನೆ. ಗಣಿತ ಪೇಪರಿನ ಮಾರ್ಕೊವ್ ಚೈನ್ ನೆನಪಿದೆಯಲ್ಲ, ಅದೇ ಮಾರ್ಕೊವ್.

ಹುಟ್ಟಿದ್ದು 1856ರಲ್ಲಿ, ರಷ್ಯಾದ ರಿಯಾಜಾನ್ ಎಂಬ ಊರಿನಲ್ಲಿ. ಮೊಣಕಾಲಿಗೆ ಕ್ಷಯ ತಗುಲಿ ಬಾಲ್ಯವೆಲ್ಲ ಊರುಗೋಲಿನ ಮೇಲೆ ಕಳೆಯಿತು. ಹತ್ತರ ಆಸುಪಾಸಿನಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆಯೇ ಸರಿಯಾಗಿ ನಡೆದದ್ದು. ಶಾಲೆಯಲ್ಲಿ ಗಣಿತ ಬಿಟ್ಟರೆ ಉಳಿದ ವಿಷಯಗಳಲ್ಲಿ ಹೇಳಿಕೊಳ್ಳುವಂಥ ಅಂಕಗಳಿಲ್ಲ. ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಚೆಬಿಶೇವ್ ಅವರ ಶಿಷ್ಯನಾಗಿ, 1878ರಲ್ಲಿ ಚಿನ್ನದ ಪದಕದೊಂದಿಗೆ ಪದವಿ ಪಡೆದರು. ಮುಂದೆ ಅಲ್ಲೇ ಪ್ರಾಧ್ಯಾಪಕ, ವಿಜ್ಞಾನ ಅಕಾಡೆಮಿಯ ಸದಸ್ಯ. ಇಷ್ಟೇ ಆಗಿದ್ದರೆ ಅವರೂ ಪಠ್ಯಪುಸ್ತಕದ ಅಡಿಟಿಪ್ಪಣಿಯಾಗಿ ಉಳಿಯುತ್ತಿದ್ದರೇನೋ. ಆದರೆ ಮನುಷ್ಯ ಜಗಳಗಂಟ.

ಆಗ ಮಾಸ್ಕೋದಲ್ಲಿ ನೆಕ್ರಾಸೊವ್ ಎಂಬ ಗಣಿತಜ್ಞರಿದ್ದರು. ಗಣಿತಕ್ಕೆ ಬರುವ ಮೊದಲು ದೇವತಾಶಾಸ್ತ್ರ ಓದಿದವರು. ನಾಣ್ಯವನ್ನು ಹತ್ತು ಸಲ ಎಸೆದರೆ ಏನಾದರೂ ಬರಬಹುದು, ಹತ್ತು ಸಾವಿರ ಸಲ ಎಸೆದರೆ ಸರಿಸುಮಾರು ಅರ್ಧ ಹೆಡ್ ಬಂದೇ ಬರುತ್ತದೆ. ಇದೇ ದೊಡ್ಡ ಸಂಖ್ಯೆಗಳ ನಿಯಮ. ಒಂದು ಎಸೆತ ಇನ್ನೊಂದನ್ನು ಅವಲಂಬಿಸದಿದ್ದರೆ ಮಾತ್ರ ಈ ನಿಯಮ ನಡೆಯುತ್ತದೆ ಎಂಬುದು ನೆಕ್ರಾಸೊವ್ ವಾದ. ಅಪರಾಧ, ಮದುವೆಗಳ ಅಂಕಿಅಂಶವೂ ವರ್ಷವರ್ಷ ಒಂದೇ ಮಟ್ಟದಲ್ಲಿರುವುದರಿಂದ ಮನುಷ್ಯರ ಕೆಲಸಗಳೂ ಸ್ವತಂತ್ರ, ಹಾಗಾಗಿ ಮನುಷ್ಯನಿಗೆ ಸ್ವತಂತ್ರ ಇಚ್ಛೆ ಇದೆ ಎಂದು ಅದನ್ನು ಎಳೆದುಕೊಂಡು ಹೋದರು. ಮಾರ್ಕೊವ್‌ಗೆ ಮೈಯೆಲ್ಲ ಉರಿಯಿತು. ಒಂದರ ಮೇಲೊಂದು ಅವಲಂಬಿಸಿದ ಘಟನೆಗಳಿಗೂ ಆ ನಿಯಮ ಅನ್ವಯಿಸುತ್ತದೆ ಎಂದು 1906ರಲ್ಲಿ ಸಾಧಿಸಿ ತೋರಿಸಿದರು.

ಕಾಗದದ ಮೇಲಿನ ಆ ಗಣಿತಕ್ಕೆ ನಿಜ ಲೋಕದ ಉದಾಹರಣೆ ಬೇಕಿತ್ತಲ್ಲ, ಅದಕ್ಕೆ ಅವರು ಕೈಗೆತ್ತಿಕೊಂಡದ್ದು ಪುಷ್ಕಿನ್ ಕವಿಯ ಯೆವ್ಗೆನಿ ಒನೇಗಿನ್ ಕಾವ್ಯವನ್ನು. ಮೊದಲ ಅಧ್ಯಾಯ ಪೂರ್ತಿ, ಎರಡನೆಯದರಲ್ಲಿ ಹದಿನಾರು ಪದ್ಯ. ಖಾಲಿ ಜಾಗ, ವಿರಾಮಚಿಹ್ನೆಗಳನ್ನು ತೆಗೆದರು. ತಮ್ಮದೇ ಉಚ್ಚಾರವಿಲ್ಲದ ಎರಡು ರಷ್ಯನ್ ಅಕ್ಷರಗಳನ್ನೂ ತೆಗೆದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡೇಟಾ ಕ್ಲೀನಿಂಗ್! ಉಳಿದ 20,000 ಅಕ್ಷರಗಳನ್ನು ಹತ್ತು ಸಾಲು, ಹತ್ತು ಕಂಬಗಳ ಚೌಕಗಳಿಗೆ ತುಂಬಿದರು. ಒಟ್ಟು 200 ಚೌಕ. ಆಮೇಲೆ ಸ್ವರಗಳನ್ನು ಹೆಕ್ಕಿ ಎಣಿಸಿದರು, ಕೈಯಲ್ಲೇ.

ಸ್ವರ 8,638, ವ್ಯಂಜನ 11,362. ಅಂದರೆ ಯಾವುದೋ ಒಂದು ಅಕ್ಷರ ಸ್ವರವಾಗಿರುವ ಸಂಭವ 0.432. ಅಕ್ಷರಗಳು ಪರಸ್ಪರ ಸ್ವತಂತ್ರವಾಗಿದ್ದರೆ ಹಿಂದಿನ ಅಕ್ಷರ ಯಾವುದಾದರೂ ಈ ಸಂಖ್ಯೆ ಬದಲಾಗಬಾರದು. ಅದಕ್ಕೇ ಮಾರ್ಕೊವ್ ಅಕ್ಕಪಕ್ಕದ ಜೋಡಿಗಳನ್ನೂ ಎಣಿಸಿದರು. ಸ್ವರದ ಬೆನ್ನಿಗೆ ಸ್ವರ ಬಂದದ್ದು 1,104 ಸಲ ಮಾತ್ರ. ಸ್ವರದ ನಂತರ ಸ್ವರ ಬರುವ ಸಂಭವ 0.128, ವ್ಯಂಜನದ ನಂತರವಾದರೆ 0.663. ಅವಲಂಬನೆ ಕಣ್ಣಿಗೆ ರಾಚುವಂತಿದೆ. ಆದರೂ ಒಟ್ಟಾರೆ ಸರಾಸರಿ ಅಲುಗಾಡುವುದಿಲ್ಲ. 1913ರ ಜನವರಿಯಲ್ಲಿ ಅಕಾಡೆಮಿಯ ಮುಂದೆ ಇದನ್ನು ಮಂಡಿಸಿದರು. ಸಾಲದೆಂಬಂತೆ ಮುಂದೆ ಅಕ್ಸಾಕೊವ್ ಎಂಬ ಲೇಖಕರ ಪುಸ್ತಕದಿಂದ ಒಂದು ಲಕ್ಷ ಅಕ್ಷರ ಎಣಿಸಿದರು. ಮೊಬೈಲ್ ಕೀಬೋರ್ಡ್ ಮುಂದಿನ ಪದ ಊಹಿಸುವುದರ ಮೂಲ ಹುಡುಕುತ್ತಾ ಹೋದರೆ ಈ ಚೌಕಗಳು ಸಿಗುತ್ತವೆ.

ಇದನ್ನು ಕನ್ನಡದಲ್ಲಿ ಮಾಡಿ ನೋಡಬೇಕೆಂದು ನನಗೆ ಆಸೆಯಾಯಿತು. ಕರ್ನಾಟಕ ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ: ಐದು ವ್ಯಂಜನ, ಒಂದು ಅರ್ಧಾಕ್ಷರದ ಚಿಹ್ನೆ, ಒಂದು ದೀರ್ಘ. ಅ, ಆ, ಇ ಎಂದು ಹುಡುಕುವ ಪ್ರೋಗ್ರಾಮ್ ಕೊಡುವ ಉತ್ತರ ಸೊನ್ನೆ. ಬಾಯಿಬಿಟ್ಟು ಹೇಳಿದರೆ ನಾಲ್ಕು ಸ್ವರಗಳಿವೆ, ಮೂರು ಕಡೆ ಅಕಾರ ವ್ಯಂಜನದೊಳಗೇ ಅಡಗಿದೆ. ಹಾಗಾಗಿ ನಮ್ಮಲ್ಲಿ ಕಾಣುವ ಸ್ವರ ಹುಡುಕುವ ಬದಲು, ಅರ್ಧಾಕ್ಷರದ ಚಿಹ್ನೆ ಹತ್ತದ ವ್ಯಂಜನಗಳನ್ನೆಲ್ಲ ಎಣಿಸಿ, ಬಿಡಿ ಸ್ವರಗಳಿದ್ದರೆ ಕೂಡಿಸಬೇಕು. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಈ ಪ್ರಶ್ನೆ ಏಕಿಲ್ಲವೋ!

ಲೆಕ್ಕದ ಹಾಗೆಯೇ ಬದುಕಿನಲ್ಲೂ ಮಾರ್ಕೊವ್ ಬಗ್ಗಲಿಲ್ಲ. 1902ರಲ್ಲಿ ಲೇಖಕ ಗಾರ್ಕಿ ಅಕಾಡೆಮಿಯ ಗೌರವ ಸದಸ್ಯರಾಗಿ ಆಯ್ಕೆಯಾದಾಗ ತ್ಸಾರ್ ಅದನ್ನು ರದ್ದು ಮಾಡಿಸಿದ, ಮಾರ್ಕೊವ್ ಪ್ರತಿಭಟಿಸಿದರು. 1908ರಲ್ಲಿ ವಿದ್ಯಾರ್ಥಿಗಳ ಮೇಲೆ ಕಣ್ಣಿಡಿ ಎಂದು ಸರ್ಕಾರ ಪ್ರಾಧ್ಯಾಪಕರಿಗೆ ಸೂಚಿಸಿದಾಗ ತಮ್ಮಿಂದಾಗದು ಎಂದುಬಿಟ್ಟರು. ಟಾಲ್‌ಸ್ಟಾಯ್ ಅವರನ್ನು ಚರ್ಚ್ ಹೊರಹಾಕಿತ್ತಲ್ಲ, 1912ರಲ್ಲಿ ತಮ್ಮನ್ನೂ ಹೊರಹಾಕಿ ಎಂದು ತಾವಾಗಿಯೇ ಅರ್ಜಿ ಕೊಟ್ಟರು. ಮರುವರ್ಷ ದೇಶವೆಲ್ಲ ರಾಜವಂಶದ ಮುನ್ನೂರನೇ ವರ್ಷದ ಸಂಭ್ರಮದಲ್ಲಿದ್ದಾಗ ಇವರು ದೊಡ್ಡ ಸಂಖ್ಯೆಗಳ ನಿಯಮಕ್ಕೆ ಇನ್ನೂರು ವರ್ಷವಾಯಿತೆಂದು ಸಭೆ ನಡೆಸಿದರು. ಈ ಕಿಡಿಗೇಡಿತನ ನನಗೆ ಬಹಳ ಇಷ್ಟ.

ಕ್ರಾಂತಿಯ ವರ್ಷ, 1917ರಲ್ಲಿ, ಜರಾಯ್ಸ್ಕ್ ಎಂಬ ಸಣ್ಣ ಊರಿಗೆ ಹೋಗಿ ಶಾಲಾ ಮಕ್ಕಳಿಗೆ ಸಂಬಳವಿಲ್ಲದೆ ಗಣಿತ ಕಲಿಸಿದರು. ಹಿಂತಿರುಗಿದ್ದು ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ. ಊರಿನಲ್ಲಿ ಬರಗಾಲ. 1921ರಲ್ಲಿ, ಹಾಕಿಕೊಳ್ಳಲು ಪಾದರಕ್ಷೆ ಇಲ್ಲದ್ದರಿಂದ ಸಭೆಗೆ ಬರಲಾರೆ ಎಂದು ಅಕಾಡೆಮಿಗೆ ತಿಳಿಸಿದರು. ಕಳಿಸಿಕೊಟ್ಟ ಬೂಟು ಕಾಲಿಗೆ ಹೊಂದಲಿಲ್ಲ, ಹೊಲಿಗೆಯೂ ಕೆಟ್ಟದಾಗಿತ್ತು. ಅದನ್ನೂ ಅವರು ಅಕಾಡೆಮಿಗೆ ವರದಿ ಮಾಡದೆ ಬಿಡಲಿಲ್ಲ.

1922ರ ಜುಲೈ 20ರಂದು ತೀರಿಕೊಂಡರು. ಅಪ್ಪನ ಹೆಸರನ್ನೇ ಹೊತ್ತ ಮಗನಿಗೆ ಆಗ ಹದಿನೆಂಟು. ಅವನೂ ಗಣಿತಜ್ಞನಾದ. ಒಂದು ಅಕ್ಷರಗುಚ್ಛ ಹುಡುಕಿ ಅದರ ಜಾಗದಲ್ಲಿ ಇನ್ನೊಂದನ್ನು ಇಡುತ್ತಾ ಹೋದರೆ ಸಾಕು, ಕಂಪ್ಯೂಟರ್ ಮಾಡಬಲ್ಲ ಯಾವ ಲೆಕ್ಕವನ್ನಾದರೂ ಮಾಡಬಹುದಾದ ಪದ್ಧತಿಯೊಂದನ್ನು ಮುಂದೆ ರೂಪಿಸಿದವನು ಅವನೇ.