ಶೆನೊನ್ಸೊ: ಹೆಂಗಸರು ಕಟ್ಟಿ ಉಳಿಸಿದ ಅರಮನೆ

ಮಕ್ಕಳೇ, ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ಅರಮನೆಗಳಿಗೆ ಬರವಿಲ್ಲ. ಆದರೆ ನದಿಯನ್ನು ದಡದಿಂದ ದಡಕ್ಕೆ ದಾಟಿ ನಿಂತಿರುವುದು ಶೇರ್ ನದಿಯ ಮೇಲಿನ ಶೆನೊನ್ಸೊ. ಫ್ರೆಂಚರು ಇದನ್ನು ‘ಹೆಂಗಸರ ಅರಮನೆ’ ಎನ್ನುತ್ತಾರೆ. ಪ್ರವಾಸಿಗರನ್ನು ಸೆಳೆಯಲು ಇಟ್ಟ ಹೆಸರಿರಬೇಕು ಎಂದು ನಿಮಗೆ ಅನ್ನಿಸಬಹುದು. ಕಟ್ಟಡದ ಕಥೆ ಬೇರೆಯೇ ಹೇಳುತ್ತದೆ. 1513ರಲ್ಲಿ ಈ ಜಾಗವನ್ನು ಕೊಂಡವನು ಅರಸನ ಹಣಕಾಸಿನ ಅಧಿಕಾರಿ ತೊಮಾ ಬೊಯೆ. ಹಳೆಯ ಕೋಟೆಯ ಒಂದು ಬುರುಜನ್ನಷ್ಟೇ ಉಳಿಸಿಕೊಂಡು, ನದಿಯಲ್ಲಿದ್ದ ಹಿಟ್ಟಿನ ಗಿರಣಿಯ ಅಡಿಪಾಯದ ಮೇಲೆ ಹೊಸ ಮನೆ ಎದ್ದಿತು. ಬೊಯೆ ಇಟಲಿಯ ಯುದ್ಧಗಳಿಗೆ ಹೋಗಿದ್ದಾಗ ನಿಂತು ಕೆಲಸ ಮಾಡಿಸಿದವಳು ಅವನ ಹೆಂಡತಿ ಕತ್ರೀನ್ ಬ್ರಿಸೊನೆ. ಸುರುಳಿ ಮೆಟ್ಟಿಲೇ ವಾಡಿಕೆಯಾಗಿದ್ದ ಕಾಲದಲ್ಲಿ ಇಲ್ಲಿ ನೇರವಾಗಿ ಏರುವ ಮೆಟ್ಟಿಲು ಬಂತು. ಫ್ರಾನ್ಸಿನಲ್ಲಿ ಅಂಥವುಗಳಲ್ಲಿ ಇದು ಮೊದಮೊದಲಿನದು.

ಹಣವೆಲ್ಲ ಗಂಡಸರದು, ಅರಸರದು ತಾನೇ ಎಂದು ಯಾರಾದರೂ ಕೇಳಿದರೆ, ಆ ಮಾತು ಸುಳ್ಳಲ್ಲ. 1547ರಲ್ಲಿ ಅರಸ ಎರಡನೇ ಹೆನ್ರಿ ಈ ಅರಮನೆಯನ್ನು ತನ್ನ ಪ್ರೇಯಸಿ ದಿಯಾನ್ ದ ಪ್ವಾತಿಯೆಗೆ ಉಡುಗೊರೆಯಾಗಿ ಕೊಟ್ಟ. ಆದರೆ ಉಡುಗೊರೆ ಪಡೆದವರೆಲ್ಲ ಸೇತುವೆ ಕಟ್ಟಿಸುವುದಿಲ್ಲ. ವಾಸ್ತುಶಿಲ್ಪಿ ಫಿಲಿಬೆರ್ ದೆಲೋರ್ಮ್‌ನಿಂದ ಆಚೆ ದಡಕ್ಕೆ ಕಮಾನಿನ ಸೇತುವೆ ಹಾಕಿಸಿದ್ದು, ದೊಡ್ಡ ತೋಟ ಮಾಡಿಸಿದ್ದು ದಿಯಾನಳ ತೀರ್ಮಾನ. 1559ರಲ್ಲಿ ಅರಸ ತೀರಿಕೊಂಡ ಮೇಲೆ ರಾಣಿ ಕ್ಯಾಥರೀನ್ ದ ಮೆಡಿಚಿ ಅವಳಿಗೆ ಶೋಮೊಂ ಅರಮನೆ ಕೊಟ್ಟು, ಬಲವಂತದಿಂದಲೇ ಶೆನೊನ್ಸೊವನ್ನು ಪಡೆದುಕೊಂಡಳು. ಇದರಲ್ಲಿ ಹಗೆತನವಿತ್ತು, ನಿಜ. ಆದರೂ ರಾಣಿ ಸೇತುವೆಯನ್ನು ಕೆಡವಲಿಲ್ಲ. ಅದರ ಮೇಲೆಯೇ 60 ಮೀಟರ್ ಉದ್ದದ ಮೊಗಸಾಲೆ ಕಟ್ಟಿಸಿದಳು. ಇಂದು ಚಿತ್ರಗಳಲ್ಲಿ ನೀವು ನೋಡುವ ರೂಪ ಬಂದದ್ದು ಹಾಗೆ, ಒಬ್ಬರನ್ನೊಬ್ಬರು ಸಹಿಸದ ಇಬ್ಬರ ಕೆಲಸ ಸೇರಿ.

ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. 18ನೇ ಶತಮಾನದಲ್ಲಿ ಇಲ್ಲಿದ್ದ ಲೂಯೀಸ್ ದ್ಯುಪಾಂ ವಿದ್ವಾಂಸರನ್ನು ಕರೆಸಿ ಚರ್ಚೆ ನಡೆಸುತ್ತಿದ್ದಳು. ಹೆಣ್ಣು ಗಂಡಿಗೆ ಸಮ ಎಂದು ವಾದಿಸುವ ದೊಡ್ಡ ಗ್ರಂಥವೊಂದಕ್ಕೆ ಆಕೆ ಟಿಪ್ಪಣಿ ಮಾಡಿಸುವಾಗ ಬರೆದುಕೊಳ್ಳುತ್ತಿದ್ದ ಕಾರ್ಯದರ್ಶಿ, ಮುಂದೆ ಜಗತ್ಪ್ರಸಿದ್ಧ ತತ್ತ್ವಜ್ಞಾನಿಯಾದ ರೂಸೋ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಎಷ್ಟೋ ಅರಮನೆಗಳು ಹಾಳಾದರೂ ಇದು ಉಳಿಯಿತು. ಊರಿನ ಜನ ಆಕೆಯ ಮೇಲೆ ಇಟ್ಟಿದ್ದ ಗೌರವ ಅದಕ್ಕೊಂದು ಮುಖ್ಯ ಕಾರಣ. ಮೊದಲ ಮಹಾಯುದ್ಧದಲ್ಲಿ ಮೊಗಸಾಲೆ ಆಸ್ಪತ್ರೆಯಾಯಿತು. ಅರಮನೆಯ ಆಗಿನ ಒಡೆಯರ ಮನೆತನದ ಸಿಮೋನ್ ಮೆನಿಯೆ ಅದನ್ನು ನಡೆಸಿದಳು, 2,000ಕ್ಕೂ ಹೆಚ್ಚು ಗಾಯಾಳುಗಳಿಗೆ ಅಲ್ಲಿ ಆರೈಕೆ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸನ್ನು ಇಬ್ಭಾಗ ಮಾಡಿದ ಗಡಿ ಶೇರ್ ನದಿಯ ಮೇಲೇ ಹಾದಿತ್ತು. ಅರಮನೆಯ ಮುಂಬಾಗಿಲು ಜರ್ಮನ್ನರ ಹಿಡಿತದಲ್ಲಿದ್ದ ದಡದಲ್ಲಿ, ಮೊಗಸಾಲೆಯ ಕೊನೆಯ ಬಾಗಿಲು ಆಚೆ ದಡದಲ್ಲಿ. ಆ ಬಾಗಿಲಿನಿಂದ ಅನೇಕರು ಪಾರಾದರು.