ಲೆಕ್ಕದ ಹೊರೆ ಇಳಿಸಿದ ಜಾನ್ ನೇಪಿಯರ್

ಇಂದು ಕಂಪ್ಯೂಟರಿನಲ್ಲಿ ಒಂದು ಪುಟ್ಟ ವೈಜ್ಞಾನಿಕ ಕ್ಯಾಲ್ಕ್ಯುಲೇಟರನ್ನು ತೆರೆದರೆ, ಕೂಡುವ ಕಳೆಯುವ ಗುಂಡಿಗಳ ಜೊತೆಯಲ್ಲಿ ‘ಲಾಗ್’ ಎಂಬ ಗುಂಡಿಯೂ ಕಾಣುತ್ತದೆ. ಒತ್ತಿದೊಡನೆ ಉತ್ತರ ಸಿದ್ಧ. ಕಾಲೇಜಿನಲ್ಲಿ ವಿಜ್ಞಾನ ಓದಿದ ಹಿರಿಯರಿಗೆ ಇದೇ ಲಾಗ್, ಕ್ಲಾರ್ಕ್ಸ್ ಟೇಬಲ್ ಪುಸ್ತಕದ ಸಾಲು ಸಾಲು ಅಂಕೆಗಳಾಗಿ ನೆನಪಿರಬಹುದು. ಈ ಎರಡರ ಹಿಂದೆಯೂ ಒಬ್ಬ ಮನುಷ್ಯನ ಇಪ್ಪತ್ತು ವರ್ಷಗಳ ದುಡಿಮೆಯಿದೆ. ಆತನ ಬಾಳಿನ ಕಥೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ನೋಡೋಣ.

ಜಾನ್ ನೇಪಿಯರನು 1550ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಬಳಿಯ ಮರ್ಚಿಸ್ಟನ್ ಕೋಟೆಯಲ್ಲಿ ಜನಿಸಿದನು. ಮನೆತನ ಶ್ರೀಮಂತ ಜಮೀನುದಾರರದು. ಹದಿಮೂರನೆಯ ವಯಸ್ಸಿನಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅದೇ ವರ್ಷ ತಾಯಿಯನ್ನು ಕಳೆದುಕೊಂಡನು. ಅಲ್ಲಿ ಅವನು ಪದವಿ ಪಡೆಯಲಿಲ್ಲ. ಆತನು ಯಾವ ಕಾಲೇಜಿನಲ್ಲಿಯೂ ಪ್ರಾಧ್ಯಾಪಕನಾಗಿರಲಿಲ್ಲ. ಜಮೀನು ನೋಡಿಕೊಳ್ಳುವುದು, ಧರ್ಮಗ್ರಂಥಗಳ ಅಧ್ಯಯನ, ಗಣಿಗಳಿಂದ ನೀರೆತ್ತುವ ಯಂತ್ರದ ರಚನೆ, ಇವುಗಳ ನಡುವೆ ಬಿಡುವು ಮಾಡಿಕೊಂಡು ಗಣಿತವನ್ನು ಸಾಧಿಸಿದನು.

ನೆರೆಹೊರೆಯವರಿಗೆ ಇವನು ಮಾಟಗಾರನೆಂಬ ಗುಮಾನಿಯಿತ್ತು. ಆ ಕುರಿತು ಒಂದು ದಂತಕಥೆಯಿದೆ. ಮನೆಯಲ್ಲಿ ಕಳವಾದಾಗ ನೇಪಿಯರನು ಆಳುಗಳನ್ನು ಒಬ್ಬೊಬ್ಬರಾಗಿ ಕತ್ತಲೆ ಕೋಣೆಗೆ ಕಳುಹಿಸಿ, ಅಲ್ಲಿರುವ ಕರಿ ಹುಂಜವನ್ನು ಮುಟ್ಟಿ ಬರಲು ಹೇಳಿದನಂತೆ. ಕಳ್ಳನು ಮುಟ್ಟಿದರೆ ಅದು ಕೂಗುವುದೆಂದೂ ತಿಳಿಸಿದನಂತೆ. ಹುಂಜಕ್ಕೆ ಮಸಿ ಬಳಿದಿದ್ದುದು ಯಾರಿಗೂ ತಿಳಿಯದು. ಹೆದರಿ ಮುಟ್ಟದೆ ಬಂದ ಕಳ್ಳನ ಕೈ ಮಾತ್ರ ಶುಭ್ರವಾಗಿತ್ತು! ಕಥೆ ನಿಜವಿರಲಿ ಇಲ್ಲದಿರಲಿ, ಅದರಲ್ಲಿರುವುದು ಮಾಟವಲ್ಲ, ಯುಕ್ತಿ.

ಆ ಕಾಲದಲ್ಲಿ ಗ್ರಹಗತಿಯನ್ನು ಗುಣಿಸುವ ಖಗೋಳಜ್ಞರ ಪಾಡು ಕಷ್ಟದ್ದಾಗಿತ್ತು. ಏಳು ಅಂಕೆಗಳ ಎರಡು ಸಂಖ್ಯೆಗಳನ್ನು ಗುಣಿಸಬೇಕಾದರೆ 49 ಬಿಡಿ ಗುಣಾಕಾರಗಳು, ಮತ್ತೆ ಅವುಗಳ ಸಂಕಲನ. ಒಂದು ಅಂಕೆ ತಪ್ಪಿದರೆ ದಿನಗಳ ಶ್ರಮ ವ್ಯರ್ಥ. ಗುಣಾಕಾರವನ್ನೇ ಸಂಕಲನವಾಗಿ ಮಾರ್ಪಡಿಸಲು ಸಾಧ್ಯವೇ ಎಂದು ನೇಪಿಯರನು ಯೋಚಿಸಿದನು.

ಅವನ ವಿಚಾರದ ತಿರುಳನ್ನು ವಿದ್ಯಾರ್ಥಿಗಳು ಹೀಗೆ ತಿಳಿಯಬಹುದು. 2, 4, 8, 16, 32 ಎಂದು ಬರೆದು, ಪ್ರತಿಯೊಂದರ ಕೆಳಗೆ ಕ್ರಮವಾಗಿ 1, 2, 3, 4, 5 ಎಂದು ಬರೆಯಿರಿ. ಈಗ 4ನ್ನು 8ರಿಂದ ಗುಣಿಸಬೇಕೆನ್ನಿ. ಅವುಗಳ ಕೆಳಗಿರುವ 2 ಮತ್ತು 3ನ್ನು ಕೂಡಿರಿ, 5 ಬಂತು. ಐದರ ಮೇಲಿರುವ 32 ಉತ್ತರ. ಕೆಳಗಿನ ಸಾಲಿನ ಇಂತಹ ಸಂಖ್ಯೆಗಳಿಗೇ ಲಾಗರಿದಮ್ ಎಂದು ಹೆಸರು. ಗ್ರೀಕ್ ಭಾಷೆಯ ಎರಡು ಪದಗಳನ್ನು ಜೋಡಿಸಿ ಈ ಹೆಸರನ್ನು ಕಟ್ಟಿದವನೂ ನೇಪಿಯರನೇ. ಆದರೆ ನಡುನಡುವಿನ ಸಂಖ್ಯೆಗಳಿಗೂ ಇಂತಹ ಜೋಡಿಯನ್ನು ಕಂಡುಹಿಡಿದರಲ್ಲವೇ ಉಪಯೋಗ? ಆ ಕೆಲಸಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1614ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥ ಹೊರಬಂದಾಗ ಅದರಲ್ಲಿ 57 ಪುಟಗಳ ವಿವರಣೆಯೂ 90 ಪುಟಗಳ ಕೋಷ್ಟಕವೂ ಇದ್ದವು. ಕರ್ತೃವಿಗೆ ಆಗ 64 ವರ್ಷ.

ಲಂಡನ್ನಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸನು ಆ ಗ್ರಂಥವನ್ನು ಓದಿ ಬೆರಗಾಗಿ, 1615ರಲ್ಲಿ ಆರುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಸವೆಸಿ ಮರ್ಚಿಸ್ಟನ್‌ಗೆ ಬಂದನು. ಇಬ್ಬರೂ ಕಾಲು ಗಂಟೆಯ ಕಾಲ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತ ನಿಂತರೆಂದು ಹೇಳುತ್ತಾರೆ. ಹತ್ತನ್ನು ಆಧಾರವಾಗಿಟ್ಟುಕೊಂಡರೆ ಲೆಕ್ಕ ಇನ್ನೂ ಸುಲಭವಾದೀತೆಂದು ಬ್ರಿಗ್ಸನು ಸೂಚಿಸಿದನು. ಹಾಗೆ ಮಾಡಿದರೆ ನೇಪಿಯರನ ಕೋಷ್ಟಕ ಬದಿಗೆ ಸರಿದು, ಎಲ್ಲವನ್ನೂ ಹೊಸದಾಗಿ ಗುಣಿಸಬೇಕಾಗುತ್ತಿತ್ತು. ಆದರೂ ಆ ವೃದ್ಧನು ಬೇಸರಿಸಲಿಲ್ಲ. ತಾನೂ ಅದನ್ನು ಯೋಚಿಸಿದ್ದುದನ್ನು ತಿಳಿಸಿ, 1ರ ಲಾಗ್ ಸೊನ್ನೆಯಾಗಿರಲೆಂದು ತಾನೇ ಸಲಹೆ ಕೊಟ್ಟನು. ದೇಹಸ್ಥಿತಿ ಸರಿಯಿಲ್ಲದ್ದರಿಂದ ಕೆಲಸವನ್ನು ಬ್ರಿಗ್ಸನಿಗೆ ಬಿಟ್ಟುಕೊಟ್ಟನು.

1617ರಲ್ಲಿ, ಗುಣಾಕಾರದ ಮಗ್ಗಿಯನ್ನು ಕೆತ್ತಿದ ಕಡ್ಡಿಗಳನ್ನು ಜೋಡಿಸಿ ಲೆಕ್ಕ ಮಾಡುವ ಇನ್ನೊಂದು ವಿಧಾನವನ್ನು ಆತನು ಪ್ರಕಟಿಸಿದನು. ‘ನೇಪಿಯರನ ಎಲುಬುಗಳು’ ಎಂದು ಹೆಸರಾದವು ಇವೇ. ಅದೇ ವರ್ಷ ಏಪ್ರಿಲ್ 4ರಂದು ಆತನು ತೀರಿಕೊಂಡನು. 1624ರಲ್ಲಿ ಬ್ರಿಗ್ಸನು 30,000 ಸಂಖ್ಯೆಗಳ ಲಾಗ್‌ಗಳನ್ನು 14 ದಶಮಾಂಶ ಸ್ಥಾನಗಳವರೆಗೆ ಗುಣಿಸಿ ಪ್ರಕಟಿಸಿದುದನ್ನು ಕಾಣಲು ನೇಪಿಯರನಿರಲಿಲ್ಲ.

ಮುಂದೆ ಮುನ್ನೂರೈವತ್ತು ವರ್ಷಗಳ ಕಾಲ ಖಗೋಳಜ್ಞರು, ನಾವಿಕರು, ಎಂಜಿನಿಯರುಗಳು ಲಾಗ್ ಕೋಷ್ಟಕವನ್ನೂ ಅದೇ ತತ್ತ್ವದ ಸ್ಲೈಡ್ ರೂಲನ್ನೂ ನಂಬಿ ದುಡಿದರು. 1972ರಲ್ಲಿ ಜೇಬಿನಲ್ಲಿಡುವ ವೈಜ್ಞಾನಿಕ ಕ್ಯಾಲ್ಕ್ಯುಲೇಟರ್ ಬಂದ ಮೇಲೆ ಅವು ಹಿಂದೆ ಸರಿದವು. ಕಂಪ್ಯೂಟರು ಇಂದು ನೇಪಿಯರನ ಪುಟಗಳನ್ನು ತಿರುವುವುದಿಲ್ಲ, ನಿಜ. ಆದರೆ ಲಾಗ್ ಗುಂಡಿ ಉಳಿದಿದೆ, ಮತ್ತು ಅದು ಕೊಡುವುದು ಅಂದು ಇಬ್ಬರೂ ಒಪ್ಪಿದ ಹತ್ತರ ಆಧಾರದ ಉತ್ತರವನ್ನೇ.

ಯಂತ್ರವು ಉತ್ತರವನ್ನು ಕೊಟ್ಟೀತು. ಆ ಉತ್ತರದ ಅರ್ಥವನ್ನು ನಾವೇ ಕಲಿಯಬೇಕು. ಬೇರೆಯವರ ದಿನಗಳು ಉಳಿಯಲೆಂದು ತನ್ನ ಇಪ್ಪತ್ತು ವರ್ಷಗಳನ್ನು ವೆಚ್ಚ ಮಾಡಿದ ಈತನ ಕೋಟೆಯ ಗೋಪುರ ಈಗಲೂ ಎಡಿನ್‌ಬರೋದಲ್ಲಿ, ಅವನ ಹೆಸರಿನ ವಿಶ್ವವಿದ್ಯಾನಿಲಯದ ಆವರಣದಲ್ಲಿ ನಿಂತಿದೆ. ಅದರ ಸುತ್ತ ನಿತ್ಯ ವಿದ್ಯಾರ್ಥಿಗಳು ಓಡಾಡುತ್ತಾರೆ.